ನಿಲ್ದಾಣದ ಗೋಡೆಯ ಎರಡನೇ ಸಾಲು

ಎಂದೋ ಮುಚ್ಚಿದ್ದ ನಮ್ಮ ರೈಲು ನಿಲ್ದಾಣ ಈಗ ಹೋಟೆಲ್ ಆಗುತ್ತಿತ್ತು. ನಾನು ಅಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದೆ. ಬೋರ್ಡು ಬರೆಯುವ ನನ್ನ ಸೋದರಮಾವ ಏಣಿ ಹತ್ತಿ, ಗಿರಾಕಿಗಳು ಓದಲೆಂದು ನಿಲ್ದಾಣದ ಚರಿತ್ರೆಯನ್ನು ಗೋಡೆಯ ಮೇಲೆ ಬರೆಯುತ್ತಿದ್ದ. ಮೊದಲ ಸಾಲು ಕಟ್ಟಿಸಿದವರ ಬಗ್ಗೆ. ಮುಚ್ಚಿದ್ದೇಕೆಂದು ಹೇಳುವ ಎರಡನೆಯದು, ‘ಜನ ರೈಲು ಹತ್ತುವುದನ್ನೇ ಬಿಟ್ಟಿದ್ದರಿಂದ’ ಎಂಬಲ್ಲಿಗೆ ಬಂದಿತ್ತು.

“ಮಾವ, ಇದು ಸುಳ್ಳು.”

“ನಾನು ಬರೆಯೋನು ಕಣೇ, ಕತೆ ಕಟ್ಟೋನಲ್ಲ. ಕೊಟ್ಟಿದ್ದನ್ನ ಬರೀತೀನಿ.”

“ನೀನೂ ಅದೇ ರೈಲಲ್ಲಿ ಹೋಗ್ತಿದ್ದೆ. ಬಾಗಿಲಲ್ಲಿ ನೇತಾಡ್ಕೊಂಡು.”

ಮಾವ ಬ್ರಷ್ಷನ್ನು ಡಬ್ಬಿಯ ಮೇಲಿಟ್ಟ.

ಪೇಟೆಗೆ ಹೋಗುವ ಬೆಳಗಿನ ರೈಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಗಿರಣಿಯವರು, ಹಾಲಿನ ಕ್ಯಾನಿನವರು, ಶಾಲೆಯ ನಾವು. ಆದರೆ ಟಿಕೆಟ್ ಕೊಡುವ ಗುಮಾಸ್ತ ಹಿಂದಿನ ಸ್ಟೇಷನ್ನಿಂದ ಬರುತ್ತಿದ್ದುದೂ ಅದೇ ರೈಲಿನಲ್ಲಿ. ಅವನು ಇಳಿದು, ಬೀಗದ ಕೈ ಹುಡುಕಿ, ಕಿಂಡಿ ತೆರೆಯುವಷ್ಟರಲ್ಲಿ ನಾವು ಹೊರಟಾಗಿರುತ್ತಿತ್ತು. ಅದಕ್ಕೇ ಸಂಜೆ ಮರಳುವಾಗ ಮರುದಿನದ ಟಿಕೆಟನ್ನೂ ಪೇಟೆಯಲ್ಲೇ ಕೊಳ್ಳುತ್ತಿದ್ದೆವು. ಎಂಥ ಜಾಣರು ನಾವು ಎಂದು ಬೀಗುತ್ತಿದ್ದೆವು ಬೇರೆ. ಒಂದು ದಿನ ಮೇಲಿನವರು ಬಂದು, ನಮ್ಮ ಕಿಂಡಿಯಲ್ಲಿ ಮಾರಾಟವೇ ಇಲ್ಲವಲ್ಲ ಎಂದರು. ಪ್ಲಾಟ್‌ಫಾರಂ ಕಡೆ ಕತ್ತು ತಿರುಗಿಸಿಯೂ ನೋಡಲಿಲ್ಲ. ಆಮೇಲೆ ರೈಲು ನಮ್ಮೂರಲ್ಲಿ ನಿಲ್ಲಲಿಲ್ಲ. ಮನೆಯಲ್ಲಿ ಅಣ್ಣನಿಗೆ ಸೈಕಲ್ ಸಿಕ್ಕಿತು, ನನಗೆ ಪೊರಕೆ.

“ಏನು, ಕೆಲಸ ನಿಂತೇಹೋಯ್ತಾ?” ಹೋಟೆಲಿನ ಯಜಮಾನ ಒಳಗೆ ಬಂದ. ಅದುವರೆಗೆ ಅವನೆದುರು ನಾನು ತಲೆಯಾಡಿಸಿದ್ದೆನೇ ಹೊರತು ಮಾತಾಡಿದ್ದಿಲ್ಲ.

“ಆ ಸಾಲು ತೆಗೆಸಿ ಸಾರ್. ನಾವು ಹತ್ತೋದು ಬಿಟ್ಟಿರ್ಲಿಲ್ಲ.”

“ಓಹೋ, ಇವಳಿಗೂ ಬಾಯಿದೆ.” ಅವನು ನಕ್ಕ. “ಎಷ್ಟು ಓದಿದ್ದೀಯಮ್ಮ, ಚರಿತ್ರೆ ತಿದ್ದೋಕೆ?”

“ಏಳನೇ ಕ್ಲಾಸು. ರೈಲು ಇರೋವರೆಗೆ.”

ಅವನ ನಗು ಅರ್ಧಕ್ಕೇ ಆರಿತು. ಆದರೂ ಮಾವನ ಕಡೆ ತಿರುಗಿ, “ನೀನು ಮುಗಿಸಯ್ಯ. ತಿನ್ನೋಕೆ ಬರೋರಿಗೆ ಇಷ್ಟೆಲ್ಲ ಯಾಕೆ?” ಎಂದ.

ಮಾವ ಏಣಿಯಿಂದ ಇಳಿದ. “ಬಣ್ಣ ಮುಗೀತು ಸಾರ್.”

ಡಬ್ಬಿಯ ತುಂಬ ಬಣ್ಣವಿತ್ತು. ಮೂವರಿಗೂ ಕಾಣುತ್ತಿತ್ತು.

ನಾನು ಮಾವನ ಹೆಗಲ ಮೇಲಿದ್ದ ಬಟ್ಟೆ ಎಳೆದುಕೊಂಡು, ಅವನು ಬ್ರಷ್ ತೊಳೆಯುವ ಸೀಮೆಎಣ್ಣೆಯಲ್ಲಿ ಅದ್ದಿ, ಏಣಿ ಹತ್ತಿದೆ. ಅಕ್ಷರಗಳು ಇನ್ನೂ ಹಸಿಯಾಗಿದ್ದವು.

“ಇಳೀತೀಯೋ ಇಲ್ವೋ? ನಾಳೆಯಿಂದ ಇತ್ತ ತಲೆ ಹಾಕ್ಬೇಡ.”

ಮಾವ ಏಣಿಯ ಬುಡ ಹಿಡಿದುಕೊಂಡ. ಒರೆಸುವುದಕ್ಕೆಂದೇ ತಾನೆ ನನ್ನನ್ನು ಇಟ್ಟುಕೊಂಡಿದ್ದು. ಪೂರ್ತಿ ಒರೆಸಿಯೇ ಇಳಿದೆ.