ಬೆಳಗ್ಗೆ ಆರಕ್ಕೆ ಕರೆಯುತ್ತಿದ್ದ ಸ್ವರ

ಶಂಕರಪುರದ ಸುಗಂಧಿಯ ಮನೆಯಲ್ಲಿ ಆ ಸ್ವರ ಕೇಳಲು ಶುರುವಾದದ್ದು ಮಳೆಗಾಲದ ಆಟಿ ತಿಂಗಳ ಮೊದಲ ವಾರ. ಬೆಳಗ್ಗೆ ಆರು ಗಂಟೆ. ಹೊರಗೆ ಬಿಡದೆ ಮಳೆ. ಸುಗಂಧಿ ಹೂವಿನ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಗೋಡೆಯ ಆಚೆಯಿಂದ ಯಾರೋ ಮಾತಾಡಿದ ಹಾಗಾಯಿತು.

“ಸಾಕು ಮಗಾ. ಸ್ವಲ್ಪ ಮಲಗು.”

ಅದು ಅವಳ ಅತ್ತೆಯ ಸ್ವರ. ಅತ್ತೆ ತೀರಿಕೊಂಡು ಎರಡು ವರ್ಷ ಆಗಿತ್ತು.

ಸುಗಂಧಿ ಎದ್ದು ನೋಡಲು ಹೋದಳು. ಕಾಲು ಭಾರವಾಗಿತ್ತು, ತಲೆ ಸಿಡಿಯುತ್ತಿತ್ತು. ಗೋಡೆಯ ಆಚೆ ಇದ್ದದ್ದು ಶೆಡ್. ಎಳೆದ ಶಟರಿನ ಸಂದಿಯಿಂದ ನೋಡಿದರೆ ಒಳಗೆ ಮಗ ಉಜ್ವಲನ ಬೈಕು ಮಾತ್ರ ಗುಡುಗುಡು ಎನ್ನುತ್ತಾ ನಿಂತಿತ್ತು. ಜನ ಯಾರೂ ಇಲ್ಲ.

ಮೊದಲ ದಿನ ಅವಳು ಯಾರಿಗೂ ಹೇಳಲಿಲ್ಲ. ಆದರೆ ಮರುದಿನವೂ ಸ್ವರ ಬಂತು. ಮೂರನೆಯ ದಿನ ಬೆರಳುಗಳು ಮಾತು ಕೇಳಲಿಲ್ಲ. ಮೂವತ್ತು ವರ್ಷದಿಂದ ಕಣ್ಣು ಮುಚ್ಚಿ ಹಾಕುತ್ತಿದ್ದ ಗಂಟು ಕೈಯಿಂದ ಜಾರಿ ಹೋಗುತ್ತಿತ್ತು. ದಿನವೂ ಅವಳ ಮಗ್ಗುಲಲ್ಲೇ ಮಲಗುತ್ತಿದ್ದ ಬೆಕ್ಕು ಆ ಕೋಣೆಯ ಹೊಸಿಲು ದಾಟುವುದನ್ನೇ ಬಿಟ್ಟಿತು. ಬಾಗಿಲಲ್ಲಿ ನಿಂತು ಒಳಗೆ ನೋಡುವುದು, ಹಿಂದೆ ಸರಿಯುವುದು.

ಅವಳಿಗೆ ನಿಜವಾಗಿ ಹೆದರಿಕೆ ಆದದ್ದು ಸೊಸೆ ತನ್ವಿಯ ಮಾತಿನಿಂದ. ತನ್ವಿ ಆರು ತಿಂಗಳ ಬಸುರಿ. ಹೂ ಕಟ್ಟಲು ಅತ್ತೆಯ ಜೊತೆ ಕೂರುತ್ತಿದ್ದಳು. ಒಂದು ದಿನ ಕಟ್ಟುತ್ತಾ ಕಟ್ಟುತ್ತಾ ತಲೆ ಎತ್ತಿ ಕೇಳಿದಳು.

“ಅತ್ತೆ, ನಿಮ್ಮ ಹಿಂದೆ ನಿಂತದ್ದು ಯಾರು?”

ಸುಗಂಧಿ ತಿರುಗಿ ನೋಡಲಿಲ್ಲ. “ಯಾರೂ ಇಲ್ಲ. ನೀನು ಎದ್ದು ಒಳಗೆ ಹೋಗು” ಎಂದಳು.

ಸೊಸೆಯನ್ನು ವಾಡಿಕೆಯಂತೆ ಆಟಿಗೆಂದು ಕಾರ್ಕಳದ ತಾಯಿಮನೆಗೆ ಕಳುಹಿಸಿದ್ದಾಯಿತು. ಅಲ್ಲಿ ಹತ್ತು ದಿನ ತನ್ವಿಗೆ ಇಲ್ಲಿದ್ದಾಗಿನ ತಲೆನೋವಿಲ್ಲ, ವಾಂತಿ ಇಲ್ಲ. “ಚೆನ್ನಾಗಿ ಉಣ್ಣುತ್ತಿದ್ದೇನೆ ಅತ್ತೆ” ಎಂದು ಫೋನಿನಲ್ಲಿ ನಗುತ್ತಿದ್ದಳು. ಸುಗಂಧಿಗೆ ಸಂಶಯ ಉಳಿಯಲಿಲ್ಲ. ಇದ್ದದ್ದು ಮನೆಯಲ್ಲೇ. ಗಂಡ ವಿಠಲ ಮಸ್ಕತ್ತಿನಲ್ಲಿ. ಅವನಿಗೆ ಹೇಳಿದರೆ ಗಾಬರಿ. ಜೋಯಿಸರ ಹತ್ತಿರ ಹೋಗಿ ಪ್ರಶ್ನೆ ಇಡುವುದೆಂದು ಅವಳು ಒಬ್ಬಳೇ ತೀರ್ಮಾನ ಮಾಡಿಕೊಂಡಳು.

ನೆರೆಮನೆಯ ಜೆರ್ಟ್ರೂಡ್ ಬಾಯಿ ಕುವೈತಿನಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದವರು. ಬೇಲಿಯ ಹತ್ತಿರ ಸಿಕ್ಕಿದಾಗ ಸುಗಂಧಿ ಅವರಿಗೆ ವಿಷಯ ಹೇಳಿದಳು. ಬಾಯಿ ನಗಲಿಲ್ಲ.

“ಯಾವ ಹೊತ್ತಿಗೆ ಕೇಳುವುದು?”

“ಬೆಳಗ್ಗೆ ಆರರಿಂದ ಆರೂವರೆ.”

“ದಿನಾ ಉಂಟಾ?”

ಸುಗಂಧಿ ಯೋಚಿಸಿದಳು. “ಆದಿತ್ಯವಾರ ಇಲ್ಲ ಬಾಯಿ.”

“ಅದೆಂತ, ಪ್ರೇತಕ್ಕೆ ಆದಿತ್ಯವಾರ ರಜೆಯಾ?” ಎಂದು ಬಾಯಿ ಕೇಳಿದರು. ಮುಖದಲ್ಲಿ ತಮಾಷೆ ಇರಲಿಲ್ಲ. “ಆದಿತ್ಯವಾರ ನಿಮ್ಮ ಮನೆಯಲ್ಲಿ ಎಂತ ನಡೆಯುವುದಿಲ್ಲ, ನೋಡು. ನಾಳೆ ಇಗರ್ಜಿಗೆ ಹೂ ಬೇಕು, ಬೆಳಗ್ಗೆ ನಾನೇ ಬರುತ್ತೇನೆ.”

ಅದು ಆದಿತ್ಯವಾರದ ಮಾತು. ಹಿಂದಿನ ದಿನ ತನ್ವಿ ಕಾರ್ಕಳದಿಂದ ವಾಪಸು ಬಂದಿದ್ದಳು.

ಸೋಮವಾರ ಬೆಳಗ್ಗೆ ಗಾಳಿಮಳೆ ಜೋರಿತ್ತು. ಇರಚಲು ಬೀಳಬಾರದೆಂದು ಸುಗಂಧಿ ಕೋಣೆಯ ಕಿಟಕಿ ಮುಚ್ಚಿದಳು, ಅಂಗಳದ ಬಾಗಿಲಿಗೆ ಚಿಲಕ ಹಾಕಿದಳು. ಬೇಡವೆಂದರೂ ತನ್ವಿ ಬಂದು ಕುಳಿತಳು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಬೈಕಿನ ಸದ್ದು ಶುರುವಾಯಿತು. ಆಮೇಲೆ ಆ ಸ್ವರ. ಈ ಸಲ ತೀರಾ ಹತ್ತಿರ, ಕಿವಿಯ ಬುಡದಲ್ಲಿ.

“ಮಲಗು ಮಗಾ. ಅವಳೂ ಮಲಗಿದ್ದಾಳೆ ನೋಡು.”

ಸುಗಂಧಿ ನೋಡಿದಳು. ತನ್ವಿ ಹೂವಿನ ರಾಶಿಯ ಮೇಲೆ ಕೆನ್ನೆ ಇಟ್ಟು ಮಲಗಿದ್ದಳು. ಕಣ್ಣು ಅರ್ಧ ತೆರೆದಿತ್ತು. ಕರೆಯಬೇಕೆಂದರೆ ಸುಗಂಧಿಯ ನಾಲಿಗೆ ಏಳಲಿಲ್ಲ. ಹೆದರಿಕೆಯೂ ಆಗಲಿಲ್ಲ, ಅದೇ ವಿಚಿತ್ರ. ಮಲಗಿದರೆ ಎಷ್ಟು ಸುಖ ಎಂದಷ್ಟೇ ಅನಿಸಿತು.

ಆಗ ಇನ್ನೊಂದು ಸ್ವರ ಬಂತು. ದೂರದಿಂದ, ಗದರುವ ಸ್ವರ. ಜೊತೆಗೆ ಬಡಿಯುವ ಸದ್ದು. “ಸುಗಂಧಿ, ಏಳು. ಬಾಗಿಲು ತೆಗಿ. ಸುಗಂಧಿ, ಏಳು.”

ಇದೂ ಸತ್ತವರದ್ದೇ ಇರಬೇಕು ಎಂದುಕೊಂಡಳು. ಆದರೆ ಆ ಸ್ವರ ಬಿಡಲಿಲ್ಲ. ಸೊಸೆಯ ಹೊಟ್ಟೆಯ ಮೇಲೆ ಅವಳ ಕಣ್ಣು ಬಿತ್ತು. ನಿಲ್ಲಲು ಆಗದೆ ಅಂಬೆಗಾಲಿನಲ್ಲಿ ಬಾಗಿಲವರೆಗೆ ಹೋದಳು. ಚಿಲಕಕ್ಕೆ ಕೈ ಎರಡು ಸಲ ತಪ್ಪಿತು. ಮೂರನೆಯ ಸಲ ಸಿಕ್ಕಿತು.

ಬಾಗಿಲು ತಳ್ಳಿ ಬಂದವರು ಜೆರ್ಟ್ರೂಡ್ ಬಾಯಿ. ಅವರು ಉಸಿರು ಬಿಗಿಹಿಡಿದು ತನ್ವಿಯ ಕಂಕುಳಿಗೆ ಕೈ ಹಾಕಿ ಎಳೆದು ಮಳೆಯಲ್ಲೇ ಅಂಗಳಕ್ಕೆ ತಂದರು. ಆಮೇಲೆ ಸುಗಂಧಿಯನ್ನು ಎಳೆದರು. ಹಿಂದಿನ ಅಡುಗೆಮನೆಯಲ್ಲಿ ಚಾ ಕುಡಿಯುತ್ತಿದ್ದ ಉಜ್ವಲ ಓಡಿ ಬಂದ.

“ಶಟರ್ ಎತ್ತು. ಗಾಡಿ ಬಂದ್ ಮಾಡು. ಅಲ್ಲಿ ನಿಲ್ಲಬೇಡ, ಹೊರಗೆ ಬಾ” ಎಂದರು ಬಾಯಿ. “108ಕ್ಕೆ ಫೋನ್ ಮಾಡು. ಬಸುರಿ, ಬೈಕಿನ ಹೊಗೆ ತಾಗಿದೆ ಅಂತ ಹೇಳು.”

“ಹೊಗೆ ಎಲ್ಲಿ ಉಂಟು ಬಾಯಿ?” ಎಂದ ಉಜ್ವಲ. ಶೆಡ್ಡಿನಲ್ಲಿ ನಿಜವಾಗಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಮಣಿಪಾಲದ ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಕೊಟ್ಟರು, ರಕ್ತ ಪರೀಕ್ಷೆ ಮಾಡಿದರು. ಮಗುವಿನ ಎದೆಬಡಿತ ಹುಡುಕುವಾಗ ಯಂತ್ರ ಕೆಲವು ಕ್ಷಣ ಸುಮ್ಮನಿತ್ತು. ಆ ಮೌನದಲ್ಲಿ ಉಜ್ವಲ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಆಮೇಲೆ ಟಕಟಕ ಸದ್ದು ಬಂತು. “ಸದ್ಯ ಮಗು ಚೆನ್ನಾಗಿದೆ. ಆದರೆ ಹೆರಿಗೆಯವರೆಗೆ ತಪ್ಪದೆ ತಪಾಸಣೆಗೆ ಬರಬೇಕು” ಎಂದರು ಡಾಕ್ಟರ್.

ಸಂಜೆ ಬಾಯಿ ಹಾಸಿಗೆಯ ಪಕ್ಕ ಕುಳಿತು ಎಲ್ಲ ಬಿಡಿಸಿ ಹೇಳಿದರು.

“ಕಾರ್ಬನ್ ಮೊನಾಕ್ಸೈಡ್ ಅಂತ ಒಂದು ಗಾಳಿ ಉಂಟು. ಬೈಕು, ಕಾರು, ಜನರೇಟರ್, ಇದ್ದಿಲು, ಎಲ್ಲದರಿಂದಲೂ ಬರುತ್ತದೆ. ಬಣ್ಣ ಇಲ್ಲ, ಅದಕ್ಕೆ ವಾಸನೆಯೂ ಇಲ್ಲ. ರಕ್ತದಲ್ಲಿ ಆಕ್ಸಿಜನ್ನಿನ ಜಾಗದಲ್ಲಿ ಇದು ಕುಳಿತುಕೊಳ್ಳುತ್ತದೆ. ತಲೆನೋವು, ವಾಂತಿ, ನಿಶ್ಶಕ್ತಿ. ಮಿದುಳಿಗೆ ಉಸಿರು ಸಾಲದೆ ಇಲ್ಲದ್ದು ಕಾಣಬಹುದು, ಇಲ್ಲದ್ದು ಕೇಳಬಹುದು. ಕೊನೆಗೆ ನಿದ್ರೆ. ಕುವೈತಿನಲ್ಲಿ ಚಳಿಗೆ ಡೇರೆಯೊಳಗೆ ಇದ್ದಿಲು ಉರಿಸಿ ಮಲಗಿದವರನ್ನು ತರುತ್ತಿದ್ದರು. ಎಷ್ಟೋ ಜನ ಏಳಲೇ ಇಲ್ಲ.”

“ಹಾಗಾದರೆ ಅತ್ತೆ ಬರಲೇ ಇಲ್ಲವಾ?” ಎಂದು ಸುಗಂಧಿ ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು.

“ಇಲ್ಲ ಸುಗಂಧಿ. ನಿನ್ನ ಅತ್ತೆ ಬಂದಿದ್ದರೆ ಮಲಗು ಅನ್ನುತ್ತಿರಲಿಲ್ಲ.”

ಉಜ್ವಲ ಆಗ ತಾನಾಗಿ ಎಲ್ಲ ಒಪ್ಪಿಕೊಂಡ. ಅವನ ಬೈಕಿನ ಸೈಲೆನ್ಸರ್ ಕೊಳವೆಯೊಳಗೆ ಒಂದು ಸಣ್ಣ ಮುಚ್ಚಳ ಇತ್ತು. ವಾಲ್ವ್ ಎನ್ನುತ್ತಾರೆ. ಎಂಜಿನ್ನಿನ ವೇಗ ನೋಡಿ ತೆರೆದು ಮುಚ್ಚುವುದು ಅದರ ಕೆಲಸ. ಕಾಪು ಕಡಲ ಬದಿಯಲ್ಲಿ ದಿನಾ ಸಂಜೆ ಓಡಾಡಿ, ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಸಿಕ್ಕಿಬೀಳುತ್ತಿತ್ತು. ಮೀಟರಿನಲ್ಲಿ ಹಳದಿ ದೀಪ ಹತ್ತುತ್ತಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿ ಉಜ್ವಲ ವಾಲ್ವನ್ನೇ ಕಿತ್ತು ತೆಗೆದ. ಅದರ ಸರಳು ಇದ್ದ ತೂತುಗಳಿಗೆ ಪೇಸ್ಟ್ ಮೆತ್ತಿದ. ವಾಲ್ವ್ ಇದ್ದೇ ಇದೆ ಎಂದು ಗಾಡಿಯನ್ನು ನಂಬಿಸುವ ಒಂದು ಪುಟ್ಟ ಪ್ಲಗ್ ಸಿಕ್ಕಿಸಿದ. ದೀಪ ಆರಿತು.

ಆದರೆ ಗಾಡಿಯ ಸದ್ದು ಹೆಚ್ಚಾಯಿತು. ತಣ್ಣಗಿದ್ದಾಗ ಆಫ್ ಆಗುತ್ತಿತ್ತು. ಮಣಿಪಾಲದ ಪ್ರೆಸ್ಸಿನಲ್ಲಿ ಅವನಿಗೆ ಆದಿತ್ಯವಾರ ಬಿಟ್ಟು ದಿನಾ ಬೆಳಗಿನ ಪಾಳಿ. ಹಾಗಾಗಿ ಹೊರಡುವ ಮೊದಲು ಅರ್ಧ ಗಂಟೆ ಗಾಡಿ ಬಿಸಿ ಮಾಡುತ್ತಿದ್ದ. ನೆರೆಕರೆಯವರು ಸದ್ದಿಗೆ ಬೈದರು. ಅದಕ್ಕೆ ಶಟರ್ ಎಳೆದು ಒಳಗೇ ಚಾಲೂ ಇಟ್ಟ. ಶೆಡ್ಡಿಗೂ ಹೂವಿನ ಕೋಣೆಗೂ ನಡುವೆ ಗೋಡೆಯ ಮೇಲ್ಗಡೆ ಜಾಲರಿ ಇದ್ದದ್ದು ಅವನ ತಲೆಗೆ ಹೊಳೆಯಲಿಲ್ಲ.

ಮರುದಿನ ಕಾಪುವಿನ ಮೆಕ್ಯಾನಿಕ್ ಸಿರಿಲ್ ಬಂದು ಬೈಕಿನ ಕೆಳಗೆ ಟಾರ್ಚ್ ಬಿಟ್ಟ. ಮೆತ್ತಿದ ಪೇಸ್ಟ್ ಬಿಸಿಗೆ ಸುಟ್ಟು ಉದುರಿ ಹೋಗಿತ್ತು. ತೂತಿನ ಸುತ್ತ ಕಪ್ಪು ಮಸಿ.

“ಇದು ಹೊಗೆಯನ್ನು ಶುದ್ಧ ಮಾಡುವ ಡಬ್ಬಿಗಿಂತ ಮೊದಲೇ ಸೋರುತ್ತಾ ಉಂಟು ಮಾರಾಯ” ಎಂದ ಸಿರಿಲ್. “ವಾಲ್ವ್ ಹಾಳಾದದ್ದು ದೊಡ್ಡ ವಿಷಯ ಅಲ್ಲ. ಬಿಚ್ಚಿ ತೊಳೆದರೆ ಸುಮಾರು ಸಲ ಸರಿಯಾಗುತ್ತದೆ, ಆಗದಿದ್ದರೆ ಹೊಸತು ಹಾಕಬೇಕು. ನೀನು ದೀಪದ ಬಾಯಿ ಮುಚ್ಚಿಸಿದೆ. ಇನ್ನು ನಿನಗೆ ಹೇಳುವವರು ಯಾರು?”

“ಹೊಸ ವಾಲ್ವ್ ಹಾಕಿದ ಮೇಲೆ ಶೆಡ್ಡಿನಲ್ಲಿ ಬಿಸಿ ಮಾಡಬಹುದಲ್ವಾ ಸಿರಿಲಣ್ಣ?”

“ಆಗಲೂ ಬೇಡ. ಹೊಸ ಗಾಡಿಯಾದರೂ ಮುಚ್ಚಿದ ಜಾಗದಲ್ಲಿ ಅದು ವಿಷವೇ. ಅಂಗಳಕ್ಕೆ ತಳ್ಳಿ ಸ್ಟಾರ್ಟ್ ಮಾಡು, ಅರ್ಧ ನಿಮಿಷ ಬಿಟ್ಟು ನಿಧಾನ ಹೊರಡು. ದಾರಿಯಲ್ಲೇ ಬಿಸಿಯಾಗುತ್ತದೆ.”

ಉಜ್ವಲ ಆ ಪ್ಲಗ್ಗನ್ನು ತಾನೇ ಕಿತ್ತು ಸಿರಿಲನ ಕೈಗೆ ಕೊಟ್ಟ. ವಾಲ್ವ್ ಬಂತು, ಸೋರಿಕೆ ತಡೆಯುವ ಹೊಸ ಗ್ಯಾಸ್ಕೆಟ್ ಕೂತಿತು. ಹೂವಿನ ಕೋಣೆಯ ಕಡೆಯ ಜಾಲರಿಗೆ ಇಟ್ಟಿಗೆ ಇಟ್ಟು ಗಾರೆ ಮಾಡಿಸಿದ್ದು ಸುಗಂಧಿ. ಜೋಯಿಸರಲ್ಲಿಗೆ ಹೋಗುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಈಗ ಹೂ ತೆಗೆದುಕೊಂಡು ಹೋಗಲು ಬಂದವರನ್ನು ಮನೆಯಲ್ಲಿ ಗಾಡಿ ಎಲ್ಲಿ ಇಡುತ್ತೀರಿ ಎಂದು ಅವಳೇ ಕೇಳುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನ್ನೂ ಅದನ್ನೇ ಕೇಳುತ್ತೇವೆ. ನಿಮ್ಮ ಬೈಕು ಚಾಲೂ ಆಗುವುದು ಎಲ್ಲಿ? ಅದರ ಪಕ್ಕದ ಕೋಣೆಯಲ್ಲಿ ಮಲಗುವವರು ಯಾರು? ಮುಚ್ಚಿದ ಶೆಡ್ಡಿನಲ್ಲಿ, ಚಾವಡಿಯಲ್ಲಿ ಒಂದು ನಿಮಿಷವೂ ಎಂಜಿನ್ ಬಿಡಬೇಡಿ. ಮೀಟರಿನ ದೀಪ ಹತ್ತಿದರೆ ಅದನ್ನು ಆರಿಸುವ ಉಪಾಯ ಹುಡುಕಬೇಡಿ, ಗೊತ್ತಿರುವ ಮೆಕ್ಯಾನಿಕ್ಕಿಗೆ ತೋರಿಸಿ. ಮನೆಯಲ್ಲಿ ಇಬ್ಬರಿಗೆ ಒಟ್ಟಿಗೇ ತಲೆನೋವು ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ, ತಡಮಾಡದೆ ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ. ಈ ಕಥೆ ಓದಿ ಮುಗಿಸಿದ ಕೂಡಲೇ ಹೋಗಿ ಗಾಡಿ ನಿಲ್ಲುವ ಜಾಗವನ್ನು ಒಮ್ಮೆ ನೋಡಿ ಬನ್ನಿ. ಇವತ್ತೇ ನೋಡಿ.