ಅರ್ಧ ಸೆಕೆಂಡಿನ ಅನುಮಾನ

ಹೊಲಿಗೆಯಮ್ಮನ ಮನೆಯ ಪೆಟ್ಟಿಗೆ ಸುಳ್ಳು ಹೇಳುತ್ತಿದೆ ಎಂಬ ಅನುಮಾನ ತಂತ್ರಜ್ಞನ ತಲೆ ಹೊಕ್ಕು ಮೂರು ದಿನವಾಗಿತ್ತು.

ಜ್ವಾಲಾಮುಖಿಯ ಸುತ್ತ ಹನ್ನೊಂದು ಮನೆಗಳ ನೆಲಮಾಳಿಗೆಯಲ್ಲಿ ಅವನು ಕಂಪನ ಅಳೆಯುವ ಪೆಟ್ಟಿಗೆಗಳನ್ನು ಇಟ್ಟಿದ್ದ. ಎಲ್ಲೋ ಭೂಮಿ ನಡುಗಿದರೆ ಆ ಅಲೆ ಬೆಟ್ಟದ ಬುಡವನ್ನು ಹಾದು ಒಂದೊಂದು ಪೆಟ್ಟಿಗೆಗೂ ಬಂದು ತಲುಪುತ್ತದೆ. ಗಟ್ಟಿ ಬಂಡೆಯಲ್ಲಿ ಓಡುತ್ತದೆ, ಕರಗಿದ ಕಲ್ಲಿನಲ್ಲಿ ಕಾಲೆಳೆದುಕೊಂಡು ನಡೆಯುತ್ತದೆ. ಯಾವ ಮನೆಗೆ ಎಷ್ಟು ತಡ ಎಂದು ನೋಡಿದರೆ ಬೆಟ್ಟದ ಹೊಟ್ಟೆಯೊಳಗಿನ ಚಿತ್ರ ಮೂಡುತ್ತದೆ. ಮೂರು ವಾರದಿಂದ ಹೊಲಿಗೆಯಮ್ಮನ ಪೆಟ್ಟಿಗೆಗೆ ಮಾತ್ರ ಅಲೆಗಳು ದಿನದಿನಕ್ಕೂ ಹೆಚ್ಚು ತಡವಾಗಿ ಬರುತ್ತಿದ್ದವು. ಚಿತ್ರದಲ್ಲಿ ಅವಳ ಬೀದಿಯ ಅಡಿಯಲ್ಲಿ ಒಂದು ಕೆಂಪು ಕಲೆ ಬೆಳೆಯುತ್ತಿತ್ತು.

"ಕರಗಿದ ಕಲ್ಲು ಮೇಲೇರ್ತಿದೆ," ಎಂದರು ಕಚೇರಿಯ ಮುಖ್ಯಸ್ಥರು. "ನಾಲ್ಕು ಗಂಟೆಗೆ ಮೇಲಿನವರಿಗೆ ಚಿತ್ರ ಕಳಿಸ್ತೀನಿ. ನಾಳೆ ನಲವತ್ತು ಮನೆ ಖಾಲಿ ಮಾಡಿಸ್ತಾರೆ."

"ಒಂದೇ ಪೆಟ್ಟಿಗೆಯ ಮಾತು ಸಾರ್. ಹೋಗಿ ನೋಡ್ಕೊಂಡು ಬರ್ತೀನಿ."

"ನಾಲ್ಕರ ಮೇಲೆ ಕಾಯಲ್ಲ. ಜೀವದ ವಿಷಯ."

ಬಾಗಿಲು ತೆರೆದವನು ಹೊಲಿಗೆಯಮ್ಮನ ಅಳಿಯ. ಪೆಟ್ಟಿಗೆ ಇಟ್ಟ ದಿನವೇ 'ಒಂದಿನ ಕಿತ್ತು ಬಿಸಾಕ್ತೀನಿ' ಎಂದಿದ್ದ. ತಂತ್ರಜ್ಞ ಅದನ್ನು ಮರೆತಿರಲಿಲ್ಲ.

"ಬನ್ನಿ ಪೆಟ್ಟಿಗೆಯಣ್ಣ. ಮನೆ ಬಿಡಿ ಅನ್ನೋ ನೋಟೀಸು ಜೇಬಲ್ಲಿದ್ಯಾ, ಚೀಲದಲ್ಲಿದ್ಯಾ?"

"ಪೆಟ್ಟಿಗೆ ಮುಟ್ಟಿದ್ರಾ?"

"ಮುಟ್ಟೋದಾ? ಅದರ ಹತ್ರ ಕೆಮ್ಮೋಕೂ ನಮ್ಮತ್ತೆ ಬಿಡಲ್ಲ."

ಹೊಲಿಗೆಯಮ್ಮ ಜಗಲಿಯಲ್ಲಿ ಕೂತು ಅಂಗಿಯೊಂದಕ್ಕೆ ಕಾಲರ್ ಹೊಲಿಯುತ್ತಿದ್ದಳು, ಕೈಯಲ್ಲೇ. ಪಕ್ಕದಲ್ಲಿ ಹೊಲಿಗೆಯ ಮಶೀನು ಬಟ್ಟೆ ಹೊದ್ದು ನಿಂತಿತ್ತು.

"ಮಶೀನು ತುಳಿದ್ರೆ ನಿನ್ನ ಪೆಟ್ಟಿಗೆ ಬೆಚ್ಚಿಬೀಳತ್ತೇನೋ ಅಂತ ಹೊರಗೆ ಹಾಕಿಸ್ದೆ ಕಣಪ್ಪ. ಅವಸರ ಇಲ್ದಿದ್ರೆ ಕೈಹೊಲಿಗೇನೇ."

ಇಷ್ಟೊಂದು ಒಳ್ಳೆಯತನವೂ ಅವನಿಗೆ ಅನುಮಾನಕ್ಕೆ ಕಾರಣವಾಯಿತು. ನೆಲಮಾಳಿಗೆಗೆ ಇಳಿದು ನೋಡಿದ. ಹಸಿರು ದೀಪ ಆರಿತ್ತು. ಪೆಟ್ಟಿಗೆಯೊಳಗಿನ ಗಡಿಯಾರ ತಾರಸಿಯ ಮೇಲಿನ ಆಂಟೆನಾದ ಮೂಲಕ ಉಪಗ್ರಹಗಳಿಂದ ಸಮಯ ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಳ್ಳುವುದು ನಿಂತು ಮೂರು ವಾರವಾಗಿತ್ತು.

"ಯಾರೋ ತಂತಿಗೆ ಕೈ ಹಾಕಿದಾರೆ."

"ಯಾರೋ ಯಾಕೆ? ನಾನೇ ಅಂತ ಬಾಯಿಬಿಟ್ಟು ಹೇಳಿ," ಎಂದ ಅಳಿಯ. ಅವನ ಮುಖ ಗಂಟಿಕ್ಕಿತ್ತು. ಆದರೂ ಏಣಿ ತಂದು ಗೋಡೆಗೆ ಒರಗಿಸಿ, ತಂತ್ರಜ್ಞ ಹತ್ತುವಾಗ ಅದರ ಬುಡವನ್ನು ಎರಡೂ ಕೈಯಿಂದ ಹಿಡಿದುಕೊಂಡ.

ಗಂಟೆ ಮೂರೂಕಾಲು. ತಂತಿ ಎಲ್ಲೂ ತುಂಡಾಗಿರಲಿಲ್ಲ. ಅದರ ತುದಿಯಲ್ಲಿ ಆಂಟೆನಾ ಕಾಣಲಿಲ್ಲ. ಒಂದು ಸ್ಟೀಲ್ ಪಾತ್ರೆ ಬೋರಲು ಬಿದ್ದಿತ್ತು, ಮೇಲೊಂದು ಇಟ್ಟಿಗೆ. ಎತ್ತಿ ನೋಡಿದರೆ ಅಣಬೆಯಂಥ ಪುಟ್ಟ ಆಂಟೆನಾ ಒಂದು ಚೂರು ಬೂದಿಯಿಲ್ಲದೆ ಹೊಳೆಯುತ್ತಿತ್ತು.

"ಇದನ್ಯಾರು ಮುಚ್ಚಿದ್ದು?"

"ನಾನೇ ಮುಚ್ಚಿಸಿದ್ದು," ಎಂದಳು ಹೊಲಿಗೆಯಮ್ಮ ಕೆಳಗಿನಿಂದ. "ಅವತ್ತು ಬೂದಿ ಸುರೀತಲ್ಲ, ಪಾಪ ಅದೊಂದೇ ಬಯಲಲ್ಲಿ ಕೂತಿತ್ತು. ಇವನೇ ಹತ್ತಿ ಇಟ್ಟ."

"ಬೈಕೊಂಡು ಇಟ್ಟೆ," ಎಂದ ಅಳಿಯ.

ಸ್ಟೀಲ್ ಪಾತ್ರೆಯೊಳಕ್ಕೆ ಉಪಗ್ರಹದ ಮಾತು ಇಳಿಯುವುದಿಲ್ಲ. ಕೇಳುವವರಿಲ್ಲದೆ ಗಡಿಯಾರ ದಿನಕ್ಕಿಷ್ಟು ಮುಂದೋಡಿತ್ತು. ಹೊತ್ತಿಗೆ ಸರಿಯಾಗಿ ಬಂದ ಅಲೆಗೂ 'ತಡ' ಎಂದು ಬರೆದುಕೊಂಡಿತ್ತು. ಹತ್ತು ನಿಮಿಷಕ್ಕೆ ಹಸಿರು ದೀಪ ಹೊತ್ತಿತು. ಉಪಗ್ರಹದ ಸಮಯಕ್ಕೂ ಪೆಟ್ಟಿಗೆಯ ಗಡಿಯಾರಕ್ಕೂ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚೇ ವ್ಯತ್ಯಾಸ.

ತಂತ್ರಜ್ಞ ಫೋನಿನಲ್ಲಿ ವಿವರಿಸಿದ. ಮುಖ್ಯಸ್ಥರು ಕೇಳಿದರು, "ಆ ಮನೆಯವರು ನಿನಗೆ ಬೇಕಾದವರಾ?"

"ಇಲ್ಲ ಸಾರ್. ಒಬ್ಬರಂತೂ ನನ್ನ ಮುಖ ಕಂಡ್ರೆ ಉರಿದುಬೀಳ್ತಾರೆ. ಗಡಿಯಾರ ತಿದ್ದಿ ನೋಡಿ."

ನಾಲ್ಕಕ್ಕೆ ಐದು ನಿಮಿಷ ಇರುವಾಗ ಫೋನು ಬಂತು. "ಕಲೆ ಇಲ್ಲ. ಕಳಿಸಲ್ಲ. ಆದ್ರೂ ಒಂದು ವಾರ ಕಣ್ಣಿಡು."

ತಂತ್ರಜ್ಞ ಅಳಿಯನ ಕಡೆ ತಿರುಗಿದ. "ಬೀದಿ ಖಾಲಿ ಮಾಡಿಸೋದು ನಿಲ್ತು. ನಿಮ್ಮ ಮೇಲೆ ಅನುಮಾನ ಪಟ್ಟೆ, ತಪ್ಪಾಯ್ತು."

"ನಾನೂ ಪಟ್ಟಿದ್ದೆ. ನಾನಿನ್ನೂ ಬಿಟ್ಟಿಲ್ಲ."

ಹೊಲಿಗೆಯಮ್ಮ ಪಾತ್ರೆ ಹಿಡಿದು ಪೆಚ್ಚಾಗಿ ನಿಂತಿದ್ದಳು. "ಇನ್ಮೇಲೆ ಬೂದಿ ಬಿದ್ರೂ ಬೀಳ್ಲಿ ಅಂತ ಬಿಡ್ಬೇಕಾ?"

"ಬೇಡಮ್ಮ. ಪ್ಲಾಸ್ಟಿಕ್ ಬುಟ್ಟಿ ಇದ್ರೆ ಕೊಡಿ. ಅದನ್ನ ಮುಚ್ಚಿದ್ರೆ ಏನೂ ಆಗಲ್ಲ."

ಗುಂಡಿ, ದಾರದುಂಡೆಗಳನ್ನು ನೆಲಕ್ಕೆ ಸುರಿದು ಅವಳು ತನ್ನ ನೀಲಿ ಬುಟ್ಟಿಯನ್ನೇ ಕೊಟ್ಟಳು. ಅಳಿಯ ಹತ್ತಿ ಮುಚ್ಚಿ, ಇಟ್ಟಿಗೆ ಹೇರಿ ಇಳಿದ.

ದೀಪ ಇನ್ನೂ ಉರಿಯುತ್ತಿದೆಯೇ ಎಂದು ನೋಡಲು ತಂತ್ರಜ್ಞ ಮತ್ತೆ ನೆಲಮಾಳಿಗೆಗೆ ಇಳಿದ. ಅವನು ಏನು ನೋಡುತ್ತಾನೆ ಎಂದು ನೋಡಲು ಅಳಿಯ ಹಿಂದೆಯೇ ಇಳಿದ.