ಅಕ್ಕನನ್ನು ಸಿಸ್ಟರ್ ಎನ್ನಬೇಕಾಗಿದ್ದ ಮನೆ

೧.

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ‘ನಾನೊಂದು ಕಾನ್ವೆಂಟಿನಲ್ಲಿ ಇದ್ದೇನೆ’ ಎಂದು ಶುರು ಮಾಡಿದರೆ, ಈ ವಯಸ್ಸಿನಲ್ಲಿ ಇವನು ಟೈ ಕಟ್ಟಿಕೊಂಡು ಇಂಗ್ಲಿಷ್ ಪದ್ಯ ಒಪ್ಪಿಸುತ್ತಾನೇನೋ ಎಂದು ನಗುತ್ತೀರಿ. ಇದು ಆ ಕಾನ್ವೆಂಟ್ ಅಲ್ಲ. ಸನ್ಯಾಸಿನಿಯರು ಇದ್ದ ಮಠ. ಈಗ ಇಲ್ಲಿ ಬಾಡಿಗೆ ಮನೆಗಳಿವೆ. ನನ್ನ ಪಾಲಿಗೆ ಬಂದದ್ದು ಹಿಂದೆ ಬಟ್ಟೆ ಒಗೆಯುತ್ತಿದ್ದ ಕೋಣೆ. ನೆಲ ಇಂದಿಗೂ ಮೋರಿಯ ಕಡೆಗೆ ಇಳಿಜಾರು. ಪೆನ್ನು ಬಿದ್ದರೆ ಉರುಳಿಕೊಂಡು ಹೋಗಿ ಮೂಲೆ ಸೇರುತ್ತದೆ.

ಮೊದಲ ಡ್ರಾಫ್ಟಿನ ಮೊದಲ ಸಾಲು: ‘ಹಳೆಯ ಕಲ್ಲುಗಳು ಗತಕಾಲವನ್ನು ಪಿಸುಗುಟ್ಟುತ್ತಿದ್ದವು.’ (ಹೊಡೆದುಹಾಕಿದೆ. ಇಲ್ಲಿ ಯಾವ ಕಲ್ಲೂ ಪಿಸುಗುಟ್ಟುವುದಿಲ್ಲ. ಮೇಲಿನ ಮನೆಯ ನರ್ಸ್ ಸ್ನಾನಕ್ಕೆ ಹೋದಾಗ ಪೈಪು ಗೊರಗೊರ ಎನ್ನುತ್ತದೆ, ಅಷ್ಟೇ.)

೨.

ಇತಿಹಾಸ ಬೇಕು ಎನ್ನುವವರಿಗಾಗಿ ಒಂದಿಷ್ಟು ಇತಿಹಾಸ. ಒಂದು ಕಾಲಕ್ಕೆ ಇಲ್ಲಿ ಊಟದ ಮೇಜಿನಲ್ಲಿ ಜಾಗ ಸಿಗದಷ್ಟು ಸಿಸ್ಟರ್‌ಗಳಿದ್ದರು. ಬರಬರುತ್ತಾ ಹೊಸಬರು ಬರುವುದು ನಿಂತಿತು, ಇದ್ದವರಿಗೆ ವಯಸ್ಸಾಯಿತು. ಕೊನೆಗೆ ಉಳಿದವರು ನಾಲ್ವರು ಮುದುಕಿಯರು ಮತ್ತು ಸೋರುವ ಒಂದು ಮಾಡು. ಆಗ ಹೋಟೆಲ್ ಕಂಪನಿಯೊಂದು ಬಣ್ಣಬಣ್ಣದ ನಕ್ಷೆ ಹಿಡಿದು ಬಂತು. ಪ್ರಾರ್ಥನೆಯ ಹಾಲ್ ಇದ್ದಲ್ಲಿ ಮಸಾಜ್ ಪಾರ್ಲರ್ ಎಂದು ಅದರಲ್ಲಿ ಬರೆದಿತ್ತು. ಮಠದ ಮುಖ್ಯಸ್ಥೆ—ನಾವೆಲ್ಲ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತೇವೆ—ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದ್ರಲ್ಲಿ ಅಡುಗೆ ಮಾಡ್ಕೊಂಡು ಸಂಸಾರ ಮಾಡೋ ಜಾಗ ಎಲ್ಲಿದೆ?” ಎಂದು ಕೇಳಿದರಂತೆ. ಕಂಪನಿಯವರು ನಕ್ಕರಂತೆ. ಅವರು ನಗಬಾರದಿತ್ತು.

ಕಟ್ಟಡ ಒಂದು ವಸತಿ ಸಂಘದ ಕೈಗೆ ಹೋಯಿತು. ದುಡಿದು ತಿನ್ನುವವರ ಕೈಗೆ ಎಟುಕುವ ಬಾಡಿಗೆಯೇ ಇರಬೇಕು, ಇಲ್ಲೇ ಇರುತ್ತೇನೆಂಬ ಸಿಸ್ಟರ್‌ಗೆ ಒಂದು ಮನೆ ಕೊಡಬೇಕು—ಇವು ದೊಡ್ಡ ಸಿಸ್ಟರ್ ಹಾಕಿದ ಷರತ್ತು. ಗೋಡೆ ಒಡೆದು ಎರಡು ಮೂರು ಕೋಣೆಗಳನ್ನು ಒಂದೊಂದು ಮನೆ ಮಾಡಿದರು. ಬಸ್ ಡ್ರೈವರ್ ಸಂಸಾರ ಬಂತು, ಬೇಕರಿಯವನು ಬಂದ, ನರ್ಸ್ ಬಂದಳು, ನಾನು ಬಂದೆ. ಮೂವರು ಸಿಸ್ಟರ್‌ಗಳು ವೃದ್ಧಾಶ್ರಮಕ್ಕೆ ಹೋದರು. ದೊಡ್ಡ ಸಿಸ್ಟರ್ ಮಾತ್ರ ಮಹಡಿಯ ತುದಿಯ ಮನೆಯಲ್ಲಿ ಉಳಿದರು. ಅವರ ಹಳೆಯ ಮಂಚ ಇದ್ದ ಜಾಗದಲ್ಲಿ ಈಗ ಡ್ರೈವರ್ ಮನೆಯ ಬಚ್ಚಲು. ಅದನ್ನು ನೋಡಿ ಅವರು ಕಣ್ಣೀರು ಹಾಕುತ್ತಾರೆ ಎಂದು ನಾನು ಕಾದಿದ್ದೆ. “ಪರವಾಗಿಲ್ಲ, ಈಗ ಆ ಜಾಗ ಬೆಚ್ಚಗಾದ್ರೂ ಇದೆ” ಎಂದರು.

೩.

ಇನ್ನು ಕಥೆ. ದೊಡ್ಡ ಸಿಸ್ಟರ್ ಪಕ್ಕದ ಮನೆಗೆ ಒಬ್ಬ ಟೈಲರಮ್ಮ ಬಂದರು. ಪ್ಲಂಬರ್ ಗಂಡ ತೀರಿಕೊಂಡಿದ್ದ. ಇದ್ದ ಬಾಡಿಗೆ ಮನೆಯನ್ನು ಮಾಲೀಕರು ಕೆಡವುವವರಿದ್ದರು. ಸಾಮಾನು ತಂದ ದಿನ ಅವರ ಹೊಲಿಗೆ ಯಂತ್ರ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ನಾನು ಕೆಳಗಿನಿಂದ ನೂಕುತ್ತಿದ್ದೆ. ದಾರಿಗೆ ಅಡ್ಡ ನಿಂತವರು ಯಾರೆಂದು ನೋಡಲು ದೊಡ್ಡ ಸಿಸ್ಟರ್ ಬಂದು ಮೇಲೆ ನಿಂತರು.

“ಸಿಸ್ಟರ್, ಸ್ವಲ್ಪ ಆ ಕಡೆ ಹಿಡ್ಕೊಳ್ತೀರಾ?” ಎಂದರು ಟೈಲರಮ್ಮ, ತಲೆ ಎತ್ತದೆ. ಆಮೇಲೆ ಎತ್ತಿದರು.

ಇಬ್ಬರೂ ಸೇರಿ ಯಂತ್ರವನ್ನು ಮೇಲಕ್ಕೆ ಸಾಗಿಸಿದರು. ಬಾಗಿಲ ಬಳಿ ದೊಡ್ಡ ಸಿಸ್ಟರ್, “ಕೂದಲು ಬೆಳ್ಳಗಾಗಿದೆ” ಎಂದರು.

“ನಿಮ್ಮದೇನು ಕಪ್ಪಗಿದ್ಯಾ?” ಎಂದರು ಟೈಲರಮ್ಮ.

ಎರಡು ಬಾಗಿಲುಗಳೂ ಮುಚ್ಚಿಕೊಂಡವು. ಅಲ್ಲಿಂದ ಮುಂದೆ ವಾರಗಟ್ಟಲೆ ಒಬ್ಬರನ್ನು ಕಂಡರೆ ಇನ್ನೊಬ್ಬರು ಕಿಟಕಿಯ ಕಡೆ ನೋಡುತ್ತಿದ್ದರು. (ಇಂಥದ್ದು ಕಣ್ಣಿಗೆ ಬಿದ್ದರೆ ಕಥೆಗಾರನಿಗೆ ಅನ್ನ ಸೇರುವುದಿಲ್ಲ.)

೫.

(ನಾಲ್ಕನೆಯದು ಹವಾಮಾನದ ವರ್ಣನೆ. ತೆಗೆದಿದ್ದೇನೆ. ಧನ್ಯವಾದ ಬೇಡ.)

ಬಸ್ ಡ್ರೈವರ್ ಎಲ್ಲಿಂದಲೋ ಸುದ್ದಿ ತಂದ: ಟೈಲರಮ್ಮ ಹಿಂದೆ ಇದೇ ಮಠದಲ್ಲಿ ಸನ್ಯಾಸ ತೆಗೆದುಕೊಳ್ಳಲು ಬಂದವರಂತೆ, ನಲ್ಲಿ ರಿಪೇರಿಗೆ ಬಂದ ಪ್ಲಂಬರ್ ಜೊತೆ ಕಾಂಪೌಂಡ್ ಗೋಡೆ ಹಾರಿ ಓಡಿಹೋದರಂತೆ. ನಾನು ಕೂತು ಬರೆದೇಬಿಟ್ಟೆ. ಹಗ್ಗ, ಹರಿದ ಸೆರಗು, ಬೊಗಳುವ ನಾಯಿ, ಎಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸುವ ನೆಪದಲ್ಲಿ ಹೋಗಿ ಟೈಲರಮ್ಮನಿಗೆ ಓದಿ ಹೇಳಿದೆ. ಅವರು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಪ್ಯಾಂಟಿನ ಒಂದು ಕಾಲಿಗೆ ಗುಂಡುಸೂಜಿ ಚುಚ್ಚಿದ್ದರು.

“ಗೋಡೆ ಹಾರಿದ್ನಾ? ನಾನಾ? ಆಗ್ಲೂ ಹೀಗೇ ಗುಂಡಗೇ ಇದ್ದೆ ಕಣ್ರೀ. ನಾಯಿ ಬೇರೆ! ಇಲ್ಲಿ ನಾಯಿ ಎಲ್ಲಿತ್ತು?”

“ಹಾಗಾದ್ರೆ ಹೇಗೆ ಹೋದ್ರಿ?”

“ಬಾಗಿಲಿಂದ. ಮಟಮಟ ಮಧ್ಯಾಹ್ನ, ಎಲ್ಲಾರೂ ಊಟಕ್ಕೆ ಕೂತಿದ್ರು. ಬಾಗಿಲು ತೆಗೆದಿದ್ದು ನಮ್ಮಕ್ಕ.” ಗೋಡೆಯ ಕಡೆಗೆ ಗಲ್ಲ ಎತ್ತಿ ತೋರಿಸಿದರು. “ಇದೇ ನಿಮ್ಮ ದೊಡ್ಡ ಸಿಸ್ಟರ್. ಒಡಹುಟ್ಟಿದ ಅಕ್ಕ.”

ಅಮ್ಮ ತೀರಿಹೋದ ಮೇಲೆ ಅಕ್ಕ ಮಠ ಸೇರಿದಳು. ದೇವರ ಮೇಲೆ ಅಂಥ ಆಸೆಯೇನೂ ಇಲ್ಲದಿದ್ದರೂ ಅಕ್ಕ ಇರುವಲ್ಲಿ ತಾನಿರಬೇಕೆಂದು ತಂಗಿಯೂ ಬಂದಳು. ಬಂದ ದಿನವೇ ನಿಯಮ ಹೇಳಿದರು: ಇಲ್ಲಿ ಅಕ್ಕ ಗಿಕ್ಕ ಇಲ್ಲ, ಸಿಸ್ಟರ್ ಎನ್ನಬೇಕು. ಎರಡಕ್ಕೂ ಒಂದೇ ಅರ್ಥ ತಾನೇ ಎನ್ನುತ್ತೀರಾ? ನಿಮ್ಮ ಅಕ್ಕನನ್ನು ಒಮ್ಮೆ ಸಿಸ್ಟರ್ ಎಂದು ಕರೆದು ನೋಡಿ, ಆಮೇಲೆ ಮಾತಾಡೋಣ.

“ಬಾಗಿಲು ತೆಗೆದು ಒಂದೇ ಮಾತು ಅಂದ್ಲು. ಹೋಗು, ಹಿಂದಕ್ಕೆ ತಿರುಗಿ ನೋಡ್ಬೇಡ. ಅಷ್ಟು ಕೋಪ. ಆಯ್ತು ಅಂತ ನಾನೂ ನೋಡ್ಲಿಲ್ಲ. ಮೂವತ್ತು ವರ್ಷದ ಮೇಲಾಯ್ತು. ಮಠ ಮುಚ್ಚಿದೆ, ಎಲ್ಲಾರೂ ಹೋಗಿದಾರೆ ಅಂತ ಕೇಳಿದ್ಮೇಲೇ ಈ ಮನೆಗೆ ಅರ್ಜಿ ಹಾಕಿದ್ದು” ಎಂದವರೇ ಯಂತ್ರದ ಮುಂದೆ ಕೂತು ಯಾರದೋ ಪರದೆಯನ್ನು ರಪರಪ ಹೊಲಿಯತೊಡಗಿದರು. ನಾನಿನ್ನೂ ಸ್ಟೂಲಿನ ಮೇಲೇ ಇದ್ದೆ.

ಯಾರೋ ಬಾಗಿಲು ಬಡಿದರು. ದೊಡ್ಡ ಸಿಸ್ಟರ್.

“ಪ್ರಾರ್ಥನೆ ಹೊತ್ನಲ್ಲಿ ಇದೇನು ಗಲಾಟೆ?”

“ನೀವೇ ಅಂದಿದ್ರಲ್ಲ, ತಿರುಗಿ ನೋಡ್ಬೇಡ ಅಂತ. ನೋಡ್ತಾ ಇಲ್ಲ. ಹೊಲೀತಾ ಇದೀನಿ.”

ದೊಡ್ಡ ಸಿಸ್ಟರ್ ಒಳಗೆ ಬಂದರು. ನಾನೊಬ್ಬ ಅಲ್ಲಿರುವುದು ಅವರಿಗೆ ಕಾಣಿಸಲೇ ಇಲ್ಲ.

“ಯಾಕಂದೆ ಗೊತ್ತಾ? ನೀನು ತಿರುಗಿದ್ದಿದ್ರೆ ನಾನೂ ನಿನ್ನ ಹಿಂದೇನೇ ಬಂದ್ಬಿಡ್ತಿದ್ದೆ.”

ಯಂತ್ರ ನಿಂತಿತು.

“ಅಕ್ಕಾ.”

“ಇಡೀ ಬಿಲ್ಡಿಂಗಿಗೆ ಕೇಳೋ ಹಾಗೆ ಕೂಗ್ಬೇಡ.”

“ಮತ್ತೆ ಒಂದು ಸಲನಾದ್ರೂ ಬಾ ಅಂತ ಹೇಳಿ ಕಳಿಸ್ಲಿಲ್ಲ ಯಾಕೆ ನೀನು?” (ಗಮನಿಸಿದಿರಾ? ‘ನೀವು’ ಹೋಗಿ ‘ನೀನು’ ಬಂತು. ಇದನ್ನು ನಾನು ಕಲ್ಪಿಸಿದ್ದಲ್ಲ.)

“ನೀನೇ ಬರ್ತೀಯ ಅಂತಿದ್ದೆ.”

“ಬಂದ್ರೆ ಬೈತೀಯ ಅಂತ ಹೆದರಿದ್ದೆ.”

“ಬೈತಿದ್ದೆ. ಬೈಸ್ಕೊಂಡು ಹೋಗೋಕೆ ಬರಬಾರ್ದಾಗಿತ್ತಾ?”

ತಂಗಿ ಹೊಲಿಯುತ್ತಿದ್ದ ಪರದೆಯಲ್ಲೇ ಮೂಗು ಒರೆಸಿಕೊಂಡರು. ಅಕ್ಕ ಅದಕ್ಕೂ ಬೈದರು. ನಾನು ಗುಂಡುಸೂಜಿಯ ಕಾಲನ್ನು ಎತ್ತಿ ಎತ್ತಿ ಇಡುತ್ತಾ ಸದ್ದಿಲ್ಲದೆ ಹೊರಬಿದ್ದೆ.

೬. ಮುಕ್ತಾಯಗಳು

(ಅ) ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ. ಕಿಟಕಿಯಿಂದ ಬೆಳಕು ಬೀಳುತ್ತದೆ. ಟೈಲರಮ್ಮನ ಅಭಿಪ್ರಾಯ: “ಆ ಕಿಟಕಿಗೆ ಬೆಳಕು ಬರಲ್ಲ, ಎದುರಿಗೆ ಗೋಡೆ ಇದೆ.”

(ಆ) ಸಮಾಧಾನವಾದ ಮರುವಾರವೇ ಅಕ್ಕ ತೀರಿಕೊಳ್ಳುತ್ತಾರೆ. ಇದನ್ನು ದೊಡ್ಡ ಸಿಸ್ಟರ್ ಎದುರಿಗೇ ಓದಿದ್ದು ನನ್ನ ದಡ್ಡತನ. “ನನ್ನ ಸಾಯಿಸೋಕೆ ನೀವ್ಯಾರ್ರೀ? ನಾಡಿದ್ದು ನನಗೆ ಹಲ್ಲಿನ ಡಾಕ್ಟ್ರ ಅಪಾಯಿಂಟ್‌ಮೆಂಟ್ ಇದೆ” ಎಂದರು.

“ಹಾಗಾದ್ರೆ ಕಥೆ ಹೇಗೆ ಮುಗಿಸ್ಲಿ, ಸಿಸ್ಟರ್?”

“ಯಾಕೆ ಮುಗಿಸ್ಬೇಕು? ನಾವು ಈಗ ತಾನೇ ಜಗಳಕ್ಕೆ ಕೂತಿದೀವಿ.”

ನಿಜ. ಬೆಳಿಗ್ಗೆ ರೇಡಿಯೋ ಸದ್ದಿಗೆ ಜಗಳ, ಮಧ್ಯಾಹ್ನ ಸಾರಿನ ಉಪ್ಪಿಗೆ ಜಗಳ, ಸಂಜೆ ಅಮ್ಮನ ಸೀರೆಯ ಬಣ್ಣ ಯಾವುದಿತ್ತು ಎಂದು ಜಗಳ. ಬೇಕರಿಯವನು ಇವರಿಬ್ಬರಿಗಾಗಿ ಒಂದು ಬನ್ ಹೆಚ್ಚಿಗೆ ತರುತ್ತಾನೆ, ಅದನ್ನು ಯಾರು ತಿನ್ನಬೇಕೆಂಬುದಕ್ಕೂ ಜಗಳ. ಇಷ್ಟು ಸುಖವಾಗಿರುವ ಪಾತ್ರಗಳನ್ನು ಇಟ್ಟುಕೊಂಡು ಕಥೆಗಾರ ಏನು ಮಾಡಬೇಕು?

೭.

ಈಗ, ನಾನಿದನ್ನು ಬರೆಯುವ ಹೊತ್ತಿಗೆ, ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ತೂತು ಇದೆ. ಸಂಘದವರು ಒಪ್ಪಿದ್ದಾರೆ, ಎಂಜಿನಿಯರ್ ಬಂದು ಬಡಿದು ನೋಡಿ, ಇದು ಭಾರ ಹೊರುವ ಗೋಡೆಯಲ್ಲ ಎಂದಿದ್ದಾನೆ. ಆದರೆ ಅಲ್ಲಿ ಏನು ಬರಬೇಕು ಎಂಬುದು ತೀರ್ಮಾನವಾಗಿಲ್ಲ. ತಂಗಿಗೆ ಬಾಗಿಲು ಬೇಕು. ಅಕ್ಕನಿಗೆ ಬೇಡ: “ಬಾಗಿಲಿದ್ರೆ ಇವಳು ಹೊತ್ತು ಗೊತ್ತಿಲ್ದೆ ನುಗ್ತಾಳೆ. ತಟ್ಟೆ ದಾಟಿಸೋ ಅಷ್ಟು ಕಿಂಡಿ ಸಾಕು.”

ಗಾರೆಯವನು ಈ ಜಗಳ ಬಗೆಹರಿಯಲಿ ಎಂದು ಸಿಮೆಂಟು ಮೂಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದಾನೆ. ನಾನೂ ಒಂದು ಲೋಟ ಹಿಡಿದು ಅವನ ಪಕ್ಕ ಕೂತಿದ್ದೇನೆ. ನೀವೂ ಬಂದು ಕೂರಿ. ಮೂಟೆ ಅಗಲವಾಗಿಯೇ ಇದೆ.

“ಒಂದೇ ಮಾತು ಹೇಳಿ ಅಮ್ಮಾ, ಇಷ್ಟು ಸಾಕಾ?” ಎಂದು ಅವನು ಎದ್ದು, ಉಳಿಯನ್ನು ಗೋಡೆಗೆ ಆನಿಸುತ್ತಾನೆ.

ತೂತಿನಾಚೆ ಇಬ್ಬರೂ ಒಂದೇ ಸಲ ಮಾತಾಡುತ್ತಿದ್ದಾರೆ. ಒಂದು ದನಿ “ಸಾಕು” ಎನ್ನುತ್ತದೆ. ಒಂದು “ಇನ್ನೂ ಸ್ವಲ್ಪ” ಎನ್ನುತ್ತದೆ. ಯಾವುದು ಯಾರದೆಂದು ನನಗೂ ತಿಳಿಯಲಿಲ್ಲ, ಗಾರೆಯವನಿಗೂ ತಿಳಿಯಲಿಲ್ಲ. ಅವನು ನನ್ನ ಮುಖ ನೋಡಿದ, ನಾನು ನಿಮ್ಮ ಮುಖ…